ಎಡ್ಮಂಡರಿಗಿಂತ ಎರಡು ಕಡಿಮೆ

೧

ಎಲ್ಲಿಂದ ಶುರು ಮಾಡಲಿ, ಹೇಳಿ.

ನಿಮ್ಮನ್ನೇ ಕೇಳುತ್ತಿದ್ದೇನೆ. ಈಗಾಗಲೇ ಎರಡು ಸಲ ಶುರು ಮಾಡಿ ಎರಡು ಸಲವೂ ಹರಿದು ಹಾಕಿದ್ದಾಗಿದೆ. ಉಡುಪಿಯ ಒಂದು ಸಂಘದವರು ತಮ್ಮ ಸ್ಮರಣ ಸಂಚಿಕೆಗೆ 'ಪುರುಷರು ಮತ್ತು ನಿಯಮಿತ ಆರೋಗ್ಯ ತಪಾಸಣೆ' ಎಂಬ ವಿಷಯದ ಮೇಲೆ ಲೇಖನ ಬೇಕು ಎಂದರು. ಹತ್ತು ಸಲಹೆಗಳಿರಲಿ, ಓದುಗರಿಗೆ ಉಪಯೋಗವಾಗಬೇಕು ಎಂದರು. ಮೊದಲನೆಯ ಕರಡಿನಲ್ಲಿ ನಾನು ವಿಧೇಯನಾಗಿಯೇ ಬರೆದೆ. ನಲವತ್ತು ದಾಟಿದ ಗಂಡಸರು ವರ್ಷಕ್ಕೊಮ್ಮೆ ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ನೋಡಿಸಿಕೊಳ್ಳಬೇಕು. ಉಪ್ಪು ಕಡಿಮೆ ಮಾಡಬೇಕು. ದಿನಕ್ಕೆ ಅರ್ಧ ಗಂಟೆಯಾದರೂ ನಡೆಯಬೇಕು. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ನನಗೇ ಆಕಳಿಕೆ ಬಂತು. (ನಾಲ್ಕನೆಯ ಸಲಹೆ: ಚೆನ್ನಾಗಿ ನಿದ್ದೆ ಮಾಡಬೇಕು. ಆ ಮಟ್ಟಿಗೆ ಲೇಖನ ಯಶಸ್ವಿ.)

ಎರಡನೆಯ ಕರಡು ಕಥೆಯ ಹಾಗಿತ್ತು. "ಕಾಪುವಿನ ದೀಪಸ್ತಂಭದ ಹಿಂದಿನ ಓಣಿಯಲ್ಲಿ ಎಡ್ಮಂಡ್ ಎಂಬ ಐವತ್ನಾಲ್ಕು ವರ್ಷದ ಸಜ್ಜನರು ಬೆಳಿಗ್ಗೆ ಐದೂವರೆಗೆ ಎದ್ದು..." ಇಷ್ಟು ಬರೆದಿದ್ದೆ. ಪುಟದ ಕೆಳಗಿನಿಂದ ಯಾರೋ ಗಂಟಲು ಸರಿಮಾಡಿಕೊಂಡ ಸದ್ದಾಯಿತು.

"ಅಲ್ರೀ ಸರ, ಅವನಿಂದ ಯಾಕ ಶುರು ಮಾಡ್ತೀರಿ?"

ನೋಡಿದರೆ ಹನುಮೇಶ. ಈ ಕಥೆಯ ನಾಯಕ. ಟೈಲ್ಸ್ ಹಾಸುವ ಮೇಸ್ತ್ರಿ. ಅವನನ್ನು ಮೂರನೇ ಪುಟದಲ್ಲಿ ಕರೆಯುವುದು ಎಂದುಕೊಂಡಿದ್ದೆ. ಕರೆಯುವ ಮೊದಲೇ ಬಂದು ನಿಂತಿದ್ದಾನೆ.

"ಕತಿ ನಂದು. ಮೊದಲನೇ ಸಾಲು ಅವಂದು. ಅದ್ಹೆಂಗ?"

"ಅವರ ದಿನಚರಿ ಚೆನ್ನಾಗಿದೆ ಹನುಮೇಶ. ಓದುವವರಿಗೆ ಮಾದರಿ."

"ಮನ್ಯಾಗೂ ಇದನ್ನ ಕೇಳೀನಿ. ಇಲ್ಲೂ ಇದನ್ನ ಕೇಳಬೇಕೇನ್ರಿ?"

ಹೊಟ್ಟೆಕಿಚ್ಚಿನ ಮನುಷ್ಯನನ್ನು ನಾಯಕನಾಗಿ ಇಟ್ಟುಕೊಂಡರೆ ಇದೇ ಪಾಡು. ಎಡ್ಮಂಡರನ್ನು ಅಳಿಸಿದೆ. ಅಳಿಸಿದೆ ಎಂದರೆ ಮುಂದಕ್ಕೆ ತಳ್ಳಿದೆ, ಅಷ್ಟೆ. ಅವರಿಲ್ಲದೆ ಈ ಕಥೆ ನಡೆಯುವುದಿಲ್ಲ ಎಂದು ಹನುಮೇಶನಿಗೂ ಗೊತ್ತು. ಅವನ ಸಂಕಟವೇ ಅದು.

೨

ಸರಿ, ಪರ್ಕಳದಿಂದ ಶುರು ಮಾಡುವ.

ಹನುಮೇಶ ಕುಷ್ಟಗಿ ಕಡೆಯವನು. ಹದಿನಾರು ವರ್ಷದ ಹಿಂದೆ ಮಣಿಪಾಲದ ಒಂದು ಅಪಾರ್ಟ್‌ಮೆಂಟಿನ ಕೆಲಸಕ್ಕೆಂದು ಬಂದವನು ಇಲ್ಲೇ ಉಳಿದ. ಈಗ ನಲವತ್ತಾರು. ಪರ್ಕಳದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಹೆಂಡತಿ ಶಶಿಕಲಾ ಆರು ವರ್ಷದಿಂದ ಮಣಿಪಾಲದ ಒಂದು ಹೆಲ್ತ್ ಚೆಕಪ್ ಸೆಂಟರಿನಲ್ಲಿ ಅಟೆಂಡರ್. ಬಂದವರಿಗೆ ಟೋಕನ್ ಕೊಟ್ಟು ಕೂರಿಸುವುದು, ಮೂತ್ರಕ್ಕೆ ಡಬ್ಬಿ ಕೊಡುವುದು, ರಕ್ತ ಕೊಟ್ಟವರನ್ನು ತಿಂಡಿಗೆ ಕಳಿಸುವುದು, ಫೈಲುಗಳನ್ನು ಈ ರೂಮಿನಿಂದ ಆ ರೂಮಿಗೆ ಒಯ್ಯುವುದು ಅವಳ ಕೆಲಸ.

ಹನುಮೇಶನ ಕೆಲಸದ ಬಗ್ಗೆ ಒಂದು ವಿಷಯ ಹೇಳಲೇಬೇಕು. ಟೈಲು ಹಾಸಿದ ಮರುದಿನ ಅವನು ಒಂದು ನಾಣ್ಯ ಹಿಡಿದು ಕುಕ್ಕರಗಾಲಿನಲ್ಲಿ ಕೂತು, ಒಂದೊಂದು ಟೈಲನ್ನೂ ಬಡಿದು ಕೇಳುತ್ತಾನೆ. ಗಟ್ಟಿ ಸದ್ದು ಬಂದರೆ ಸರಿ. ಪೊಳ್ಳು ಸದ್ದು ಬಂದರೆ ಅಡಿಯಲ್ಲಿ ಸಿಮೆಂಟು ತುಂಬಿಲ್ಲ, ಇವತ್ತಲ್ಲ ನಾಳೆ ಅದು ಏಳುತ್ತದೆ. ಕಾರ್ಕಳದ ಒಂದು ಮನೆಯ ಯಜಮಾನರು "ಚಂದ ಕಾಣ್ತದಲ್ಲ, ಮತ್ತೆಂತಕ್ಕೆ ಬಡಿಯುದು?" ಎಂದು ಕೇಳಿದಾಗ ಅವನು ಹೇಳಿದ್ದು ಹೀಗೆ: "ಮ್ಯಾಲ ನೋಡಾಕ ಎಲ್ಲಾ ಛಲೋನ ಇರ್ತೈತ್ರಿ. ಬಡದ್ರ ಗೊತ್ತಾಗೋದು."

(ನಾನು ಈ ನಾಣ್ಯವನ್ನು ಮುಂದೆ ಎಲ್ಲಿ ಬಳಸುತ್ತೇನೆಂದು ನೀವು ಊಹಿಸಿಬಿಟ್ಟಿದ್ದೀರಿ. ಊಹಿಸಿಕೊಳ್ಳಿ. ಅವನು ಟೈಲು ಬಡಿಯುವುದು ನಿಜ, ಅದನ್ನು ನಿಮ್ಮ ಜಾಣತನಕ್ಕೆ ಹೆದರಿ ಅಳಿಸಲಾರೆ.)

ಆ ಕಾರ್ಕಳದ ಮನೆಯಲ್ಲಿಯೇ ಒಂದು ಟೈಲಿನ ಚೂರು ಅವನ ಎಡಗಾಲಿನ ಹೆಬ್ಬೆರಳ ಅಡಿಗೆ ಹೊಕ್ಕಿತು. ತೆಗೆದು, ಅರಿಸಿನ ಮೆತ್ತಿ, ಬಟ್ಟೆ ಸುತ್ತಿಕೊಂಡ. ವಾರ ಕಳೆಯಿತು, ಮಾಯಲಿಲ್ಲ. ಎರಡು ವಾರ, ಮೂರು ವಾರ. ಬಟ್ಟೆಯ ಮೇಲೆ ಸಾಕ್ಸ್ ಹಾಕಿಕೊಳ್ಳತೊಡಗಿದ. ಜೊತೆಗೆ ಬಾಯಾರಿಕೆ. ಪರ್ಕಳದಲ್ಲಿ ಬಸ್ಸು ಹತ್ತಿದರೆ ಹಿರಿಯಡ್ಕ ಬರುವಷ್ಟರಲ್ಲಿ ಒಂದು ಬಾಟಲಿ ನೀರು ಖಾಲಿ. ಕಾರ್ಕಳ ಮುಟ್ಟುವಷ್ಟರಲ್ಲಿ ಇಳಿದು ಓಡುವ ಅವಸರ. ಕುಕ್ಕರಗಾಲಿನಲ್ಲಿ ಕೂತು ದಿನವಿಡೀ ಬೆರಳ ತುದಿಯ ಮೇಲೆ ಭಾರ ಹಾಕಿ ದುಡಿಯುವವನಿಗೆ ಹೆಬ್ಬೆರಳು ಹೋದರೆ ಕೆಲಸವೇ ಹೋದಂತೆ. ಅದು ಅವನಿಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಯಾರಿಗೂ ಹೇಳಲಿಲ್ಲ.

ಬೆಳಿಗ್ಗೆ ಚಹಾ ಸೋಸುತ್ತ ಶಶಿಕಲಾ ಹೇಳಿದಳು, "ರೀ, ಈ ವರ್ಷನಾದ್ರೂ ಚೆಕಪ್ಪಿಗೆ ಬರ್ರಿ. ಸ್ಟಾಫಿನ ಮನಿಯವರಿಗೆ ಪುಕ್ಕಟೆ ಐತಿ. ಮೂರು ವರ್ಷಾತು ಹೇಳಾಕತ್ತೀನಿ."

"ನನಗೇನಾಗೇತಿ? ಕಲ್ಲಿದ್ದಂಗ ಅದೀನಿ."

"ಆ ಕಾಪು ಎಡ್ಮಂಡ್ ಸರ್ ನೋಡ್ರಿ. ಐವತ್ನಾಕು ವರ್ಷ. ಒಂದು ವರ್ಷ ತಪ್ಪಿಸಂಗಿಲ್ಲ. ಆಗಸ್ಟ್ ಹದಿನಾಕು ಅಂದ್ರ ಹದಿನಾಕು. ನೀಟಾಗಿ ಬಂದು ಎಲ್ಲಾ ತೋರಿಸಿಕೊಂಡು ಹೋಗ್ತಾರ."

"ಏನೇನು ತೋರಿಸ್ತಾನ?"

"ನಿಮ್ಮ ಬಾಯಿಗೆ ಬೆಂಕಿ ಹಾಕ," ಎಂದು ನಕ್ಕು ಬ್ಯಾಗು ಹೆಗಲಿಗೇರಿಸಿ ಅವಳು ಬಸ್ಸಿಗೆ ಹೋದಳು. ನಕ್ಕದ್ದು ಹನುಮೇಶನಿಗೆ ಇಷ್ಟವಾಗಲಿಲ್ಲ.

ಎಡ್ಮಂಡರನ್ನು ಅವನು ನೋಡಿರಲಿಲ್ಲ, ಆದರೆ ಅವರ ಬಗ್ಗೆ ಗೊತ್ತಿಲ್ಲದ್ದು ಯಾವುದೂ ಇರಲಿಲ್ಲ. ಎಡ್ಮಂಡ್ ಸರ್ ಇಸ್ತ್ರಿ ಹಾಕಿದ ಅಂಗಿ ತೊಡುತ್ತಾರೆ. ಎಡ್ಮಂಡ್ ಸರ್ ಗುಟ್ಕಾ ಮುಟ್ಟುವುದಿಲ್ಲ. ಹೋದ ವರ್ಷ ಖಾಲಿ ಹೊಟ್ಟೆಯ ಸಕ್ಕರೆ ತೊಂಬತ್ತಾರು ಬಂದಾಗ ಎಡ್ಮಂಡ್ ಸರ್ ರಿಪೋರ್ಟು ಹಿಡಿದು ಇಡೀ ಹಾಲಿಗೆ ಕೇಳುವಂತೆ, ಕ್ರಿಕೆಟ್ ಸ್ಕೋರು ಹೇಳಿದ ಹಾಗೆ, ಓದಿ ಹೇಳಿದರು. ಎಲ್ಲಕ್ಕಿಂತ ಕೆಟ್ಟದ್ದು: ಎಡ್ಮಂಡ್ ಸರ್ ಅವಳನ್ನು "ಶಶಿಕಲಾ ಅವರೇ" ಎಂದು ಕರೆಯುತ್ತಾರೆ. ಹದಿನಾರು ವರ್ಷದಲ್ಲಿ ಈ ಊರಿನಲ್ಲಿ ಅವಳನ್ನು ಯಾರೂ ಹಾಗೆ ಕರೆದಿಲ್ಲ. ಇನ್ನು ಗಂಡನ ಬಾಯಲ್ಲಿ ಬಂದದ್ದೆಲ್ಲ ಬರೀ "ಏ ಶಶಿ."

ಹೊಟ್ಟೆ ಉರಿಯಿತು. ಇದಕ್ಕೆ ಬೇರೆ ಒಳ್ಳೆಯ ಮಾತು ಹುಡುಕಿದೆ, ಸಿಗಲಿಲ್ಲ.

೩ (ಇದನ್ನು ಎರಡು ಸಲ ತಿದ್ದಿದ್ದೇನೆ)

"ಬರ್ತೀನಿ," ಎಂದ ಹನುಮೇಶ ಸಂಜೆ. "ಹದಿನಾಲ್ಕನೇ ತಾರೀಕು ಬರೆಸು."

ಶಶಿಕಲಾಳ ಕಣ್ಣು ಅರಳಿತು. ಯಾಕೆ ಹದಿನಾಲ್ಕು ಎಂದು ಕೇಳಲಿಲ್ಲ.

ಅವನ ಲೆಕ್ಕಾಚಾರ ಸರಳವಾಗಿತ್ತು. ತೊಂಬತ್ತಾರಕ್ಕಿಂತ ಕಡಿಮೆ ಬರಬೇಕು, ಅದೂ ಆ ಮನುಷ್ಯ ಅಲ್ಲೇ ಇರುವಾಗ ಬರಬೇಕು. ಹತ್ತನೇ ತಾರೀಕಿನಿಂದ ಶುರು ಹಚ್ಚಿಕೊಂಡ. ಚಹಾಕ್ಕೆ ಸಕ್ಕರೆ ಬಂದ್. ಅನ್ನ ಬಂದ್. ಗುಟ್ಕಾ ಬಂದ್. ಹಿರಿಯಡ್ಕದ ಹೋಟೆಲಿನ ಗೋಳಿಬಜೆಯ ಕಡೆ ತಲೆ ಎತ್ತಿ ನೋಡಲಿಲ್ಲ. ಹೊತ್ತಿಗೊಂದು ಜೋಳದ ರೊಟ್ಟಿ, ಮೇಲೆ ಸೊಪ್ಪು. ಬೆಳಿಗ್ಗೆ ಪರ್ಕಳದಿಂದ ಮಣಿಪಾಲದ ಏರು ಹತ್ತಿ ಇಳಿಯುವುದು, ಸಂಜೆ ಇನ್ನೊಮ್ಮೆ. ಗಾಯದ ಕಾಲಿನಲ್ಲಿ.

ಇಲ್ಲಿ ನಾನು ತಡೆಯಲು ನೋಡಿದೆ. "ಹನುಮೇಶ, ತಪಾಸಣೆ ಅಂದರೆ ನೀನು ಮಾಮೂಲಿಯಾಗಿ ಹೇಗಿದ್ದೀಯೋ ಅದನ್ನು ತಿಳಿಯುವುದು. ನಾಲ್ಕು ದಿನ ಉಪವಾಸ ಮಾಡಿ ಹೋದರೆ ಏನು ಪ್ರಯೋಜನ?"

"ಮನಿಗೆ ಬೀಗರು ಬರ್ತಾರಂದ್ರ ಕಸಾ ಹೊಡ್ಯಾಂಗಿಲ್ಲೇನ್ರಿ?"

"ಡಾಕ್ಟರು ಬೀಗರಲ್ಲ."

"ಪರೀಕ್ಷಾ ಅಂದಮ್ಯಾಲ ಓದಿಕೊಂಡು ಹೋಗೋದು ರೂಢಿ ಐತಿ ಸರ. ನೀವು ಬರಿಯೂದು ಬರೀರಿ."

ಬರೆದೆ. (ಸ್ಮರಣ ಸಂಚಿಕೆಯವರಿಗೆ: ಐದನೇ ಸಲಹೆ ಇದೇ. ಪರೀಕ್ಷೆಗೆಂದು ನಾಲ್ಕು ದಿನ ಒಳ್ಳೆಯವರಾಗಬೇಡಿ.)

೪

ಆಗಸ್ಟ್ ಹದಿನಾಲ್ಕು, ಬೆಳಿಗ್ಗೆ ಏಳೂಮುಕ್ಕಾಲು. ಹಾಲಿನಲ್ಲಿ ಸಾಲಾಗಿ ಕುರ್ಚಿಗಳು, ಗೋಡೆಯ ಮೇಲೆ ಟಿವಿ, ಹಸಿದ ಮುಖಗಳು. ಹನುಮೇಶನ ಟೋಕನ್ ಹನ್ನೊಂದು.

ಎಡ್ಮಂಡ್ ಒಳಗೆ ಬಂದರು. ಎತ್ತರದ, ನೆಟ್ಟಗಿನ ಮನುಷ್ಯ ಎಂದು ಬರೆಯುತ್ತಿದ್ದೆ.

"ಸ್ವಲ್ಪ ಗಿಡ್ಡ ಮಾಡ್ರಿ," ಎಂದ ಹನುಮೇಶ.

ಎರಡು ಇಂಚು ತೆಗೆದೆ. ತಲೆಯ ಮೇಲಿನ ಕೂದಲನ್ನೂ ತೆಗೆಯಲು ಹೇಳಿದ. ಅರ್ಧ ತೆಗೆದೆ. ಆದರೂ ಇಸ್ತ್ರಿಯ ಅಂಗಿ ಇಸ್ತ್ರಿಯದ್ದೇ. ಅದಕ್ಕೆ ನಾನೇನೂ ಮಾಡುವ ಹಾಗಿರಲಿಲ್ಲ.

ರೇಚಲ್ ಸಿಸ್ಟರ್ ಹನುಮೇಶನ ತೋಳಿಗೆ ಬಿಪಿಯ ಪಟ್ಟಿ ಸುತ್ತಿ ಗಾಳಿ ತುಂಬತೊಡಗಿದ ಹೊತ್ತಿಗೆ ಸರಿಯಾಗಿ ಆ ಕಡೆಯಿಂದ ಕೇಳಿತು: "ಶಶಿಕಲಾ ಅವರೇ, ಹೇಗಿದ್ದೀರಿ? ಆರಾಮಾ?" ಅವಳು ನಕ್ಕಳು. ಟೋಕನ್ ಕೊಟ್ಟಳು. ಮತ್ತೊಮ್ಮೆ ನಕ್ಕಳು.

"ನೂರ ಅರವತ್ತೆರಡು, ನೂರು!" ಎಂದಳು ರೇಚಲ್. "ಎಂತ ಆಯ್ತು ನಿಮಗೆ? ಓಡಿಕೊಂಡು ಬಂದದ್ದಾ?"

"ಇಲ್ರೀ, ಆಗಿಂದ ಕುಂತೇನಿ."

"ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ನೋಡುವ. ಸುಮ್ಮನೆ ಕೂತುಕೊಳ್ಳಿ, ಎಂತದೂ ಯೋಚನೆ ಮಾಡ್ಬೇಡಿ."

ಅಷ್ಟರಲ್ಲಿ ಎಡ್ಮಂಡರನ್ನು ಇಸಿಜಿಗೆ ಕರೆದರು, ಅವರು ಪರದೆಯ ಆಚೆ ಹೋದರು. ಎರಡನೇ ಸಲ ನೂರ ಮೂವತ್ತೆಂಟು, ಎಂಬತ್ತೆಂಟು. ನಡುವಿನ ಆ ಇಪ್ಪತ್ನಾಲ್ಕು ಯಾರದೆಂದು ನಿಮಗೂ ಗೊತ್ತು, ನನಗೂ ಗೊತ್ತು. ರೇಚಲ್ ಸಿಸ್ಟರ್ ಪಾಪ, ಎರಡನ್ನೂ ಬರೆದುಕೊಂಡಳು.

ರಕ್ತ ಕೊಟ್ಟಾಯಿತು. ತಿಂಡಿಯ ಕೋಣೆಯಲ್ಲಿ ಎರಡು ಇಡ್ಲಿ ಮುಂದಿಟ್ಟುಕೊಂಡು ಹನುಮೇಶ ಕೂತಿದ್ದ. ನಾಲ್ಕು ದಿನದ ಹಸಿವು. ಎದುರಿನ ಕುರ್ಚಿ ಸದ್ದು ಮಾಡಿತು.

"ನೀವು ಶಶಿಕಲಾ ಅವರ ಮನೆಯವರಲ್ವಾ? ಇಲ್ಲಿ ಕೂತುಕೊಳ್ಬಹುದಾ?"

"ಕುಂದರ್ರಿ." ಹನುಮೇಶ ತನ್ನ ತಟ್ಟೆಯನ್ನು ಈಚೆಗೆ ಎಳೆದುಕೊಂಡ.

"ನಿಮ್ಮದು ಮೊದಲನೇ ಸಲ ಅಂತೆ. ಹೆದರ್ಬೇಡಿ ಮಾರಾಯ್ರೆ. ನಾನು ಇಪ್ಪತ್ತೆರಡು ವರ್ಷ ಹಡಗಿನಲ್ಲಿ ಇದ್ದದ್ದು. ಮೆಡಿಕಲ್ ಪಾಸಾಗದಿದ್ರೆ ಹಡಗು ಹತ್ತಲಿಕ್ಕೇ ಬಿಡುದಿಲ್ಲ. ಹಾಗೆ ಅಭ್ಯಾಸ ಆಗಿ ಹೋಯ್ತು."

"ಹದಿನಾಕಕ್ಕ ಯಾಕ ಬರ್ತೀರಿ?"

ಎಡ್ಮಂಡ್ ಇಡ್ಲಿಯನ್ನು ಸಣ್ಣ ಸಣ್ಣ ತುಂಡು ಮಾಡಿದರು. "ನನ್ನ ಹೆಂಡತಿ ಹುಟ್ಟಿದ ದಿನ. ಹಡಗು ಬಿಟ್ಟು ಬಂದ ವರ್ಷ ಎಂತ ಬೇಕು ಅಂತ ಕೇಳಿದೆ. ಸೀರೆ ಬೇಡ, ಎಂತದೂ ಬೇಡ, ನಿಮ್ಮ ರಿಪೋರ್ಟು ತನ್ನಿ ಅಂದಳು. ಪ್ರತಿ ವರ್ಷ ಅದೇ ಗಿಫ್ಟು. ಅವಳಿಗೆ ಓದಿ ಹೇಳ್ಬೇಕು. ಅವಳು ಹೋಗಿ ನಾಲ್ಕು ವರ್ಷ ಆಯ್ತು. ನಾನು ನನ್ನದು ಮಾತ್ರ ನೋಡಿಸಿದ್ದು, ಅವಳದ್ದು ನೋಡಿಸ್ಲೇ ಇಲ್ಲ." ತುಂಡುಗಳನ್ನು ತಟ್ಟೆಯ ಅಂಚಿಗೆ ಸರಿಸಿ, "ಈಗ ಓದಿ ಹೇಳಲಿಕ್ಕೆ ಮನೆಯಲ್ಲಿ ಜನ ಇಲ್ಲ. ಹಾಗೆ ಇಲ್ಲಿಯೇ, ಹಾಲಿನಲ್ಲಿ ಇದ್ದವರಿಗೆ ಹೇಳಿ ಹೋಗುದು. ಎಲ್ಲರಿಗೂ ಇವನಿಗೆ ಮರ್ಲು, ತಲೆ ಕೆಟ್ಟಿದೆ ಅಂತ ಕಾಣ್ತದೋ ಏನೋ," ಎಂದರು.

ಇಂಥವರ ಮೇಲೆ ಹೊಟ್ಟೆಕಿಚ್ಚುಪಡುವುದು ಕಷ್ಟ. ಆದರೆ ನಾಲ್ಕು ದಿನ ಉಪವಾಸ ಬಿದ್ದವನು ಅಷ್ಟು ಸುಲಭಕ್ಕೆ ಬಿಡುವುದೂ ಇಲ್ಲ.

"ನಿಮ್ಮ ಪುಣ್ಯ ಮಾರಾಯ್ರೆ," ಎಂದರು ಎಡ್ಮಂಡ್. "ಬೈದು ಕರ್ಕೊಂಡು ಬರುವವರು ಉಂಟು."

ಆಗ ರೇಚಲ್ ಸಿಸ್ಟರ್ ಕೈಯಲ್ಲಿ ಒಂದು ಫಾರಂ ಹಿಡಿದು ಬಂದಳು. "ಎಡ್ಮಂಡ್ ಅಂಕಲ್, ತುರ್ತು ಸಂಪರ್ಕ ಅಂತ ಉಂಟಲ್ಲ, ಅಲ್ಲಿ ಪುನಃ ನಿಮ್ಮದೇ ನಂಬರ್ ಬರೆದಿದ್ದೀರಿ. ಈ ಸಲ ಸಿಸ್ಟಮ್ ಹೊಸತು, ತೆಗೆದುಕೊಳ್ಳುದಿಲ್ಲ. ನಿಮಗೆ ಎಂತಾದ್ರೂ ಆದ್ರೆ ನಿಮಗೇ ಫೋನ್ ಮಾಡುದಾ ನಾವು? ಬೇರೆ ಯಾರದ್ದಾದ್ರೂ ಹೇಳಿ."

ಎಡ್ಮಂಡ್ ಫಾರಮನ್ನು ನೋಡಿದರು. ಪೆನ್ನು ತೆಗೆದರು, ಮುಚ್ಚಳ ಹಾಕಿದರು. ಶಶಿಕಲಾ ಸಕ್ಕರೆಯಿಲ್ಲದ ಚಹಾ ಹಿಡಿದು ಬರುತ್ತಿದ್ದಳು. ಅವರು ತಲೆ ಎತ್ತಿ, ಬಹಳ ಸಂಕೋಚದಿಂದ ಶುರು ಮಾಡಿದರು: "ಶಶಿಕಲಾ ಅವರೇ, ನಿಮಗೆ ತೊಂದರೆ ಇಲ್ಲದಿದ್ರೆ ನಿಮ್ಮ ನಂಬರ್..."

"ನಂದು ಬರಕೊಳ್ರಿ!" ಎಂದ ಹನುಮೇಶ.

ಎಷ್ಟು ಜೋರಾಗಿ ಹೇಳಿದನೆಂದರೆ ಪಕ್ಕದ ಮೇಜಿನವರು ತಿರುಗಿ ನೋಡಿದರು. ಹತ್ತು ಅಂಕಿಗಳನ್ನೂ ಒಂದೇ ಉಸಿರಿಗೆ ಹೇಳಿದ.

"ಸಂಬಂಧ ಎಂತ ಬರೀಲಿ?" ರೇಚಲ್ ಕೇಳಿದಳು.

ಇದನ್ನು ಅವನು ಯೋಚಿಸಿರಲಿಲ್ಲ. ಅಣ್ಣ ಅಲ್ಲ, ತಮ್ಮ ಅಲ್ಲ, ಊರವನಲ್ಲ, ಒಂದೇ ಜಾತಿಯವನಲ್ಲ. ವೈರಿ ಎಂದು ಬರೆಸಲಾಗುವುದಿಲ್ಲ. ಅವನು ಬಾಯಿ ತೆರೆಯುವ ಮೊದಲೇ ರೇಚಲ್ ಬರೆದುಬಿಟ್ಟಳು: ಫ್ರೆಂಡ್.

"ಥ್ಯಾಂಕ್ಸ್ ಹನುಮೇಶ್ ಅವರೇ," ಎಂದರು ಎಡ್ಮಂಡ್. ಅವರ ಕಣ್ಣು ಒದ್ದೆಯಾಗಿತ್ತು. ಹನುಮೇಶನಿಗೆ ಮೈಯೆಲ್ಲ ಉರಿದುಹೋಯಿತು. ಹೆಂಡತಿಯ ನಂಬರು ಉಳಿಸಲು ಹೋಗಿ ಈ ಮನುಷ್ಯನ ಗೆಳೆಯನಾಗಿ ದಾಖಲಾಗಿಬಿಟ್ಟಿದ್ದ.

೫

ಮಧ್ಯಾಹ್ನ ರಿಪೋರ್ಟು ಬಂತು. ಖಾಲಿ ಹೊಟ್ಟೆಯ ಸಕ್ಕರೆ ತೊಂಬತ್ನಾಲ್ಕು.

ಎಡ್ಮಂಡರದ್ದು ಈ ವರ್ಷವೂ ತೊಂಬತ್ತಾರು. ಅವರು ಹಾಲಿನಲ್ಲಿ ನಿಂತು ಓದಿ ಹೇಳಿದರು, ಎರಡು ಮೂರು ಜನ ಟಿವಿಯಿಂದ ಕಣ್ಣು ತೆಗೆದರು. ಹನುಮೇಶ ಎದ್ದುನಿಂತು "ನಂದು ತೊಂಬತ್ನಾಕು!" ಎಂದ. ಎಡ್ಮಂಡ್ ಚಪ್ಪಾಳೆ ತಟ್ಟಿದರು. ಮನಸ್ಸು ತುಂಬಿ ತಟ್ಟಿದರು, ಅದೇ ಗೆದ್ದವನ ರುಚಿ ಕೆಡಿಸಿತು. ಸಾಲದ್ದಕ್ಕೆ ಶಶಿಕಲಾ ಆ ಹೊತ್ತಿಗೆ ಅಲ್ಲಿರಲೂ ಇಲ್ಲ.

(ಇಲ್ಲಿಗೇ ಕಥೆ ಮುಗಿಸಿದರೆ ಹನುಮೇಶನಿಗೆ ಖುಷಿ. ಗೆದ್ದ ಕಡೆ ನಿಲ್ಲಿಸಿಬಿಡಿ ಎಂದು ಅವನು ನನ್ನ ಕೈ ಹಿಡಿದದ್ದೂ ಹೌದು. ಆದರೆ ಡಾಕ್ಟರ ರೂಮಿನ ಬಾಗಿಲು ತೆರೆದು ಅವನ ಹೆಸರು ಕರೆದಾಗಿದೆ.)

ಡಾಕ್ಟರು ಅವನನ್ನು ಮಂಚದ ಮೇಲೆ ಮಲಗಿಸಿದರು. ಹೊಟ್ಟೆಯ ಮೇಲೆ ಎಡಗೈಯ ಬೆರಳಿಟ್ಟು, ಅದರ ಮೇಲೆ ಬಲಗೈಯ ಬೆರಳಿನಿಂದ ಬಡಿಯುತ್ತ ಬಂದರು. ಒಂದು ಕಡೆ, ಸ್ವಲ್ಪ ಸರಿದು ಇನ್ನೊಂದು ಕಡೆ, ಕಿವಿಗೊಟ್ಟು. ಹನುಮೇಶನಿಗೆ ನಗು ಬಂತು, ಆಮೇಲೆ ನಿಂತಿತು.

"ಪೊಳ್ಳೈತೇನ್ರಿ ಡಾಕ್ಟ್ರ?"

"ಇಲ್ಲಿ ಗ್ಯಾಸ್ ಇರ್ತದೆ, ಪೊಳ್ಳು ಸದ್ದೇ ಬರ್ಬೇಕು. ಇದು ಸರಿ ಉಂಟು," ಎಂದರು ಡಾಕ್ಟರು. ಕಂಪ್ಯೂಟರ್ ನೋಡಿದರು. "ಆದ್ರೆ ಇದು ಸರಿ ಇಲ್ಲ. ಮೂರು ತಿಂಗಳ ಸಕ್ಕರೆ ಏಳು ಪಾಯಿಂಟ್ ನಾಲ್ಕು ಉಂಟು. ನಿಮಗೆ ಡಯಾಬಿಟಿಸ್ ಉಂಟು ಹನುಮೇಶ್. ಸುಮಾರು ಸಮಯದಿಂದ ಇರ್ಬೇಕು."

"ತೊಂಬತ್ನಾಕು ಬಂದೈತಲ್ರಿ?"

"ಅದು ಇವತ್ತು ಬೆಳಿಗ್ಗೆಯದ್ದು. ಇದು ಹಿಂದಿನ ಮೂರು ತಿಂಗಳು ರಕ್ತದಲ್ಲಿ ಸಕ್ಕರೆ ಸರಾಸರಿ ಹೇಗಿತ್ತು ಅಂತ ಹೇಳ್ತದೆ."

ಹನುಮೇಶನ ಸಿಟ್ಟು ನೆತ್ತಿಗೇರಿತು. "ಮೂರು ತಿಂಗಳ ಹಿಂದ ನಾ ಇಲ್ಲಿಗೆ ಬರ್ತೀನಂತ ಯಾರಿಗೆ ಗೊತ್ತಿತ್ರಿ? ಮೊದಲ ಹೇಳಬೇಕಲ್ರಿ, ಹಿಂದಿಂದೂ ಕೇಳ್ತೀವಿ ಅಂತ!"

ಡಾಕ್ಟರು ನಗಲಿಲ್ಲ. "ಸಾಕ್ಸ್ ತೆಗೀರಿ," ಎಂದರು.

ತೆಗೆಯದೆ ವಿಧಿಯಿರಲಿಲ್ಲ. ಬಟ್ಟೆ ಬಿಚ್ಚಿದಾಗ ಹೆಬ್ಬೆರಳ ಅಡಿ ಕಪ್ಪಗಾಗಿ ಅಂಚು ಬಿಳಿಚಿತ್ತು.

"ಎಷ್ಟು ದಿನ ಆಯ್ತು ಇದು?"

"ಒಂದ್ ವಾರ ಆಗಿರ್ಬೇಕ್ರಿ."

"ಆರು ವಾರ ಆತ್ರಿ ಡಾಕ್ಟ್ರ," ಎಂದಿತು ಬಾಗಿಲ ಬಳಿಯ ದನಿ. "ಬರೂ ಮಂಗಳವಾರಕ್ಕ ಏಳು."

ಶಶಿಕಲಾ ಫೈಲು ಹಿಡಿದು ನಿಂತಿದ್ದಳು. ಹನುಮೇಶ ಅವಳತ್ತ ನೋಡಿದ. ಒಗೆಯಲು ಹಾಕಿದ ಸಾಕ್ಸ್, ಕಸದಲ್ಲಿ ಸುತ್ತಿ ಎಸೆದ ಬಟ್ಟೆ, ಖಾಲಿಯಾಗುತ್ತಿದ್ದ ನೀರಿನ ಕೊಡ, ಯಾವುದೂ ಅವಳ ಕಣ್ಣಿಗೆ ಮರೆಯಾಗಿರಲಿಲ್ಲ.

"ಗೊತ್ತಿದ್ರ ಯಾಕ ಹೇಳಲಿಲ್ಲ?" ಎಂದ ಹೊರಗೆ ಬಂದ ಮೇಲೆ.

"ಮೂರು ವರ್ಷ ಬಾಯಿಬಿಟ್ಟು ಹೇಳಿದ್ದು ಕೇಳೀರೇನು? ಕಾಲು ನೋಡ್ರಿ ಅಂದಿದ್ರ ಕಾರ್ಕಳದಾಗ ಮಕ್ಕೊಂಡು ಮನಿಗೆ ಬರ್ತಿದ್ದಿಲ್ಲ ನೀವು." ಅವಳು ಬಗ್ಗಿ ಅವನ ಬೆರಳಿನ ಬಟ್ಟೆ ಬಿಗಿ ಮಾಡಿದಳು. "ಎಡ್ಮಂಡ್ ಸರ್ ಹೆಸರು ತಗೊಂಡ್ರ ನಿಮ್ಮ ಮಾರಿ ಹೆಂಗಾಗ್ತಿತ್ತು ಅಂತ ನನಗ ಗೊತ್ತಾಗಂಗಿಲ್ಲೇನು?"

ಹನುಮೇಶ ಸಾಕ್ಸನ್ನು ಜೇಬಿಗೆ ತುರುಕಿಕೊಂಡ. ಆಮೇಲೆ ನನ್ನ ಕಡೆ ತಿರುಗಿದ. "ಸರ, ಎಲ್ಲಾ ನನ್ನ ಕರಕೊಂಡು ಬರಾಕ ಹೇಳಿದ್ದೋ, ಇಲ್ಲಾ ಖರೇನ ಅವನ್ನ ಕಂಡ್ರ ಆಕಿಗೆ ಛಲೋ ಅನಸ್ತದೋ?"

ನನಗೆ ಗೊತ್ತಿಲ್ಲ. ಈ ಕಥೆಯಲ್ಲಿ ನನಗೆ ಹನುಮೇಶನ ತಲೆಯೊಳಗೆ ಮಾತ್ರ ಪ್ರವೇಶ. ಅವಳ ಮನಸ್ಸಿಗೆ ಬಾಗಿಲು ಇಟ್ಟುಕೊಳ್ಳುವುದನ್ನು ಮರೆತೆ.

ಒಂದು ಮಾತು ಮಾತ್ರ ಹೇಳಬಲ್ಲೆ. ಆ ಹೊತ್ತಿಗೆ ನನಗೆ ಹನುಮೇಶನ ಮೇಲೆ ವಿಪರೀತ ಹೊಟ್ಟೆಕಿಚ್ಚಾಯಿತು. ನನ್ನ ವಯಸ್ಸು ನಲವತ್ತೊಂಬತ್ತು. ನನ್ನ ಗಾಯಕ್ಕೆ ಎಷ್ಟು ವಾರವಾಯಿತೆಂದು ಎಣಿಸಿಟ್ಟುಕೊಂಡವರು ಯಾರೂ ಇಲ್ಲ.

೬

ಒಂದು ವರ್ಷವನ್ನು ಒಂದು ಪ್ಯಾರಾದಲ್ಲಿ ಮುಗಿಸುತ್ತೇನೆ, ಬೈಯಬೇಡಿ. ಮಾತ್ರೆ, ಡ್ರೆಸಿಂಗು, ನಡಿಗೆ. ಬೆರಳು ಉಳಿಯಿತು. ಎರಡು ತಿಂಗಳಾದ ಮೇಲೆ ಹನುಮೇಶ ಮತ್ತೆ ಕುಕ್ಕರಗಾಲಿನಲ್ಲಿ ಕೂತ. ಗುಟ್ಕಾ ಮೂರು ಸಲ ಬಿಟ್ಟು ಎರಡು ಸಲ ಹಿಡಿದ. ಮೂರು ತಿಂಗಳ ಸಕ್ಕರೆ ಆರು ಪಾಯಿಂಟ್ ಮೂರಕ್ಕೆ ಇಳಿಯಿತು. ಇದೆಲ್ಲ ಯಾತಕ್ಕೆ ಎಂದು ಕೇಳಿದರೆ ಅವನ ಉ‍ತ್ತರ ಒಂದೇ: "ಈ ಸಲ ಅವನ್ನ ಖರೇನ ಸೋಲಸ್ತೀನಿ." ಅವನು ಎನ್ನುವುದು ಕಾಪುವಿನಿಂದ ದಿನಾ ಬೆಳಿಗ್ಗೆ ಐದೂಮುಕ್ಕಾಲಿಗೆ ವಾಟ್ಸಾಪಿನಲ್ಲಿ ಒಂದು ಹೂವಿನ ಚಿತ್ರ ಕಳಿಸುತ್ತಿದ್ದ ಮನುಷ್ಯ. ಹೂವಿನ ಕೆಳಗೆ 'ವಾಕಿಂಗ್ ಆಯ್ತಾ ಹನುಮೇಶ್ ಅವರೇ?' ಹನುಮೇಶ ಒಂದಕ್ಕೂ ಉತ್ತರ ಬರೆದವನಲ್ಲ. ಒಂದನ್ನೂ ಅಳಿಸಿದವನೂ ಅಲ್ಲ.

ಈ ಆಗಸ್ಟಿನಲ್ಲಿ ಹನ್ನೆರಡಕ್ಕೆ ಹೂವು ಬರಲಿಲ್ಲ. ಹದಿಮೂರಕ್ಕೂ ಬರಲಿಲ್ಲ. ಸೋಲುವ ಹೆದರಿಕೆ ಹುಟ್ಟಿರಬೇಕು ಎಂದು ಹನುಮೇಶ ಒಳಗೊಳಗೇ ಕುಣಿದ.

ಹದಿನಾಲ್ಕಕ್ಕೆ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಹೋದ. ರಕ್ತ ಕೊಟ್ಟು, ಹತ್ತಿಯನ್ನು ಅದುಮಿ ಹಿಡಿದು ಬಾಗಿಲ ಕಡೆ ನೋಡುತ್ತ ಕೂತ. ಎಂಟು ಆಯಿತು. ಒಂಬತ್ತು ಆಯಿತು. ಒಂಬತ್ತೂವರೆಗೆ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಎತ್ತಿ "ಹಲೋ" ಎಂದ. ಕಿವಿಯಲ್ಲೂ ಹತ್ತು ಅಡಿ ದೂರದ ಕೌಂಟರಿನಿಂದಲೂ ಒಂದೇ ದನಿ ಕೇಳಿತು. ರೇಚಲ್ ರಿಸೀವರ್ ಹಿಡಿದುಕೊಂಡೇ ಅವನನ್ನು ನೋಡಿದಳು.

"ಅಯ್ಯೋ, ನೀವಾ? ಎಡ್ಮಂಡ್ ಅಂಕಲ್ ಬರ್ಲಿಲ್ಲ. ಅವರ ಫೋನ್ ಸ್ವಿಚ್ ಆಫ್ ಬರ್ತಾ ಉಂಟು. ಇನ್ನೊಂದು ನಂಬರ್ ಯಾರದ್ದು ಅಂತ ಮಾಡಿದೆ, ನಿಮ್ಮದು."

ಶಶಿಕಲಾ ಟೋಕನ್‌ಗಳನ್ನು ಹಿಡಿದುಕೊಂಡು ಅಲ್ಲೇ ನಿಂತಿದ್ದಳು. "ಹೋಗ್ರಿ," ಎಂದಳು. "ಜಲ್ದಿ ಹೋಗ್ರಿ." ಆ ಗಾಬರಿಯಲ್ಲೂ ಅವನು ಅವಳ ಮುಖವನ್ನು ಒಂದು ಕ್ಷಣ ಅಳೆದು ನೋಡಿದ. ನನ್ನ ಕಾಲಿಗೆ ಇಷ್ಟು ಹೆದರಿದ್ದಳೇ? ಹೆದರಿದ್ದಳು ಎಂದು ಅವನಿಗೇ ಗೊತ್ತಿತ್ತು. ಆದರೂ ಅಳೆದ.

ತಿಂಡಿ ಬಿಟ್ಟು, ತೋಳಿನಲ್ಲಿ ಹತ್ತಿ ಇಟ್ಟುಕೊಂಡೇ ಉಡುಪಿಗೆ ಬಂದು, ಕಾಪುವಿಗೆ ಹೋಗಲು ಮಂಗಳೂರು ಬಸ್ಸು ಹತ್ತಿದ. ಕಟಪಾಡಿ ದಾಟುವಾಗ ಅವನಿಗೆ ಒಂದು ವಿಚಾರ ಬಂದು ಬೆವರಿಳಿಯಿತು. ಈ ಮನುಷ್ಯ ಸತ್ತಿದ್ದರೆ ಮುಗಿಯಿತು. ಇನ್ನು ಅವನನ್ನು ಯಾವ ಜನ್ಮದಲ್ಲೂ ಸೋಲಿಸಲಾಗುವುದಿಲ್ಲ. ಶಶಿ ಸಾಯುವವರೆಗೂ ಅವನ ಹೆಸರು ಹೇಳುತ್ತಾಳೆ, ಅವನ ಸಕ್ಕರೆ ಕೊನೆಯವರೆಗೂ ತೊಂಬತ್ತಾರರಲ್ಲೇ ನಿಂತಿರುತ್ತದೆ. "ಸಾಯಬ್ಯಾಡೋ ಮಾರಾಯ," ಎಂದ ಜೋರಾಗಿ. ಮುಂದಿನ ಸೀಟಿನವರು ತಿರುಗಿದರು. ಅವನು ಫೋನು ತೆಗೆದು, ಒಂದು ವರ್ಷದಲ್ಲಿ ಮೊದಲ ಬಾರಿಗೆ ಉತ್ತರ ಬರೆದ: ವಾಕಿಂಗ್ ಆತ್ರಿ.

ಒಂದೇ ಟಿಕ್ ಬಿತ್ತು.

೭, ಅಥವಾ ಕೊನೆಗಳು

ಅ) ಎಡ್ಮಂಡ್ ಮುಂಬಯಿಯ ಅಕ್ಕನ ಮನೆಗೆ ಹೋಗಿದ್ದಾರೆ, ಚಾರ್ಜರ್ ಮರೆತಿದ್ದಾರೆ. ಪಕ್ಕದ ಮನೆಯವರು ಹೇಳುತ್ತಾರೆ. ಹನುಮೇಶ ಶಪಿಸುತ್ತ ಸಮುದ್ರದ ಗಾಳಿ ಕುಡಿದು ಹಿಂದಿರುಗುತ್ತಾನೆ. (ಸ್ಮರಣ ಸಂಚಿಕೆಗೆ ಇದು ಒಳ್ಳೆಯದು.)

ಆ) ಬಾಗಿಲು ಒಳಗಿನಿಂದ ಹಾಕಿದೆ, ಹಗಲಲ್ಲೂ ಹೊರಗಿನ ದೀಪ ಉರಿಯುತ್ತಿದೆ.

ಇ) ಬಾಗಿಲು ತೆರೆಯುತ್ತದೆ. ಗಡ್ಡ ಬಿಟ್ಟ, ಇಸ್ತ್ರಿಯಿಲ್ಲದ ಅಂಗಿಯ ಎಡ್ಮಂಡ್. ಈ ವರ್ಷ ಯಾಕೋ ಬರಲು ಮನಸ್ಸಾಗಲಿಲ್ಲ ಮಾರಾಯ್ರೆ, ಯಾರಿಗೆ ಓದಿ ಹೇಳುದು ಎನ್ನುತ್ತಾರೆ. ಹನುಮೇಶ...

"ಬ್ಯಾಡ್ರಿ ಸರ."

ನನ್ನದೇ ಫೋನಿನಲ್ಲಿ ಅವನ ದನಿ. ಹಿಂದೆ ಬಸ್ಸಿನ ಹಾರ್ನು.

"ಮೂರೂ ಬ್ಯಾಡ. ನಾ ಇನ್ನೂ ಬಸ್ಸಿನಾಗ ಅದೀನಿ. ನಾ ಬಾಗಲಾ ಬಡಿಯೂತನ ಯಾವುದನ್ನೂ ಬರೀಬ್ಯಾಡ್ರಿ."

"ಓದುಗರು ಕಾಯುತ್ತಿದ್ದಾರೆ ಹನುಮೇಶ."

"ಕಾಯಲಿ. ನಿಮ್ಮ ಬಿಪಿ ಎಷ್ಟೈತಿ?"

ನಾನು ಪೆನ್ನಿನ ಮುಚ್ಚಳ ಹಾಕಿದೆ.

"ಗೊತ್ತಿಲ್ಲ, ಹೌದಿಲ್ಲ? ಮಂದಿದು ಎಲ್ಲಾ ಬರದೀರಿ. ನಂದು ಏಳು ಪಾಯಿಂಟ್ ನಾಕು, ಅವಂದು ತೊಂಬತ್ತಾರು. ನಿಮ್ಮದು ಬರೀರಿ ಮೊದಲ." ಫೋನು ಇಟ್ಟ.

ಅಪಮಾನವಾಯಿತು. ಇಂಥವನಿಂದ ಹೇಳಿಸಿಕೊಳ್ಳಬೇಕಾಯಿತಲ್ಲ ಎಂಬ ಸಿಟ್ಟಿಗೇ ಎದ್ದು ಅಂಗಿ ಹಾಕಿಕೊಂಡು ಮಣಿಪಾಲಕ್ಕೆ ಹೋದೆ. ಬೆಳಿಗ್ಗೆಯಿಂದ ಚಹಾ ಕುಡಿದಿರಲಿಲ್ಲ, ಬರೆಯುತ್ತಿದ್ದೆ. ಖಾಲಿ ಹೊಟ್ಟೆ. ಶಶಿಕಲಾ ಟೋಕನ್ ಕೊಟ್ಟಳು: ನಲವತ್ತೊಂದು. ನಾನು "ಥ್ಯಾಂಕ್ಸ್ ಶಶಿಕಲಾ ಅವರೇ" ಎಂದೆ. ಅವಳು ನಗಲಿಲ್ಲ. ಅವಳ ಕಣ್ಣೆಲ್ಲ ಕೈಯಲ್ಲಿದ್ದ ಫೋನಿನ ಮೇಲಿತ್ತು.

ಫಾರಂ ತುಂಬಿದೆ. ಹೆಸರು, ವಯಸ್ಸು, ಊರು. ಹಿಂದಿನ ತಪಾಸಣೆ: ನೆನಪಿಲ್ಲ. ತುರ್ತು ಸಂಪರ್ಕ.

ಆ ಗೆರೆಯ ಮೇಲೆ ಪೆನ್ನಿಟ್ಟು ಬಹಳ ಹೊತ್ತು ಕೂತಿದ್ದೆ. ನನ್ನ ನಂಬರನ್ನೇ ಬರೆಯಬಹುದಿತ್ತು, ಆದರೆ ಸಿಸ್ಟಮ್ ತೆಗೆದುಕೊಳ್ಳುವುದಿಲ್ಲ ಎಂದು ನಾನೇ ಬರೆದಿಟ್ಟಿದ್ದೇನೆ. ಕೊನೆಗೆ ನನಗೆ ಬಾಯಿಪಾಠ ಬರುವ ಒಂದೇ ಒಂದು ನಂಬರು ಬರೆದೆ. ನಾಲ್ಕನೇ ಭಾಗದಲ್ಲಿ ಒಬ್ಬ ಮನುಷ್ಯ ಒಂದೇ ಉಸಿರಿಗೆ ಹೇಳಲೆಂದು ನಾನು ಕಟ್ಟಿದ ಹತ್ತು ಅಂಕಿ.

"ಸಂಬಂಧ ಎಂತ?" ಎಂದಳು ರೇಚಲ್.

"ಬರೆದುಕೊಳ್ಳಿ, ಏನಾದರೂ."

"ಮೊದಲು ಈ ನಂಬರ್ ಹೋಗ್ತದಾ ನೋಡ್ತೇನೆ. ಈ ವರ್ಷದಿಂದ ಹಾಗೆ ರೂಲ್ಸ್ ಉಂಟು." ರಿಸೀವರ್ ಎತ್ತಿ ಡಯಲ್ ಮಾಡಿದಳು. ಶಶಿಕಲಾ ಕೌಂಟರಿನ ಹತ್ತಿರ ಬಂದು ನಿಂತಳು. ಅವನು ಈಗ ಕಾಪುವಿನ ಆ ಓಣಿಯಲ್ಲಿ, ಆ ಬಾಗಿಲ ಮುಂದೆ ಇರಬೇಕು. ಬಡಿದು, ಕಿವಿಗೊಟ್ಟು ನಿಂತಿರಬೇಕು.

ರೇಚಲ್ ನನ್ನ ಕಡೆ ನೋಡಿದಳು.

"ರಿಂಗ್ ಆಗ್ತಾ ಉಂಟು," ಎಂದಳು.